ಸ್ಟುಡಿಯೊ ತಲುಪುವಷ್ಟರಲ್ಲಿ ಹಾಡಿನ ಶ್ರುತಿ ಏರಿದ್ದೇಕೆ?

ಪ್ರಶ್ನೆ: ರಾಜಾಜಿನಗರದಲ್ಲಿದ್ದೇನೆ. ಬ್ಯಾಂಕ್ ಉದ್ಯೋಗಿ, ಬಿಡುವಿನಲ್ಲಿ ಸುಗಮ ಸಂಗೀತ ಹಾಡುತ್ತೇನೆ. ಎಂಟು ಭಾವಗೀತೆಗಳ ಆಲ್ಬಂ ಒಂದನ್ನು ಸ್ವಂತ ಖರ್ಚಿನಲ್ಲಿ ತರುತ್ತಿದ್ದೇನೆ. ಗಾಯನವನ್ನು ಮನೆಯಲ್ಲೇ ರೀಪರ್ ತಂತ್ರಾಂಶದಲ್ಲಿ ಮುದ್ರಿಸಿಕೊಂಡೆ; ಹಾಡೊಂದಕ್ಕೆ ಆರೇಳು ಟೇಕ್‌ಗಳಿವೆ. ಎಂಪಿ3 ಕಳುಹಿಸಿದಾಗ ಮೈಸೂರಿನ ಪಿಟೀಲು ವಾದಕರು ತಮ್ಮ ಕ್ಯೂಬೇಸ್ ತಂತ್ರಾಂಶದಲ್ಲಿ ಅದರ ಜೊತೆ ನುಡಿಸಿ ಕೊಟ್ಟರು. ಮಿಕ್ಸಿಂಗ್ ಮಾಡುವ ಸ್ಟುಡಿಯೊದಲ್ಲಿರುವುದು ಪ್ರೊ ಟೂಲ್ಸ್. ಮೊದಲ ಹಾಡಿನ ಟ್ರ್ಯಾಕ್‌ಗಳನ್ನೆಲ್ಲ ವೇವ್ ಫೈಲ್ ಮಾಡಿ ಪೆನ್‌ಡ್ರೈವ್‌ನಲ್ಲಿ ಒಯ್ದರೆ, 4 ನಿಮಿಷದ ಹಾಡು 3 ನಿಮಿಷ 40 ಸೆಕೆಂಡಿಗೆ ಮುಗಿಯಿತು. ನನ್ನ ಧ್ವನಿ ಹೈಸ್ಕೂಲು ಹುಡುಗಿಯ ಧ್ವನಿಯಂತೆ ಕೇಳಿಸಿತು. ಪಿಟೀಲಂತೂ ಮನೆಯಲ್ಲಿ ಕೇಳಿದಾಗಲೂ ಹಾಡಿಗಿಂತ ಕೂದಲೆಳೆಯಷ್ಟು ಹಿಂದೆಯೇ ಇತ್ತು. ಸ್ಟುಡಿಯೊದವರು "ಪ್ರೊ ಟೂಲ್ಸ್‌ನಲ್ಲೇ ಮುದ್ರಿಸಬೇಕಿತ್ತು, ಅದರ ಧ್ವನಿಯೇ ಬೇರೆ" ಎಂದರು. ಗೆಳೆಯರೊಬ್ಬರು ಎಎಎಫ್ (ಧ್ವನಿಯ ತುಂಡುಗಳನ್ನೂ ಅವುಗಳ ಜಾಗವನ್ನೂ ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಒಯ್ಯುವ ಫೈಲ್) ಕೊಡಿ ಎನ್ನುತ್ತಾರೆ, ಇನ್ನೊಬ್ಬರು ಎಎಎಫ್ ಮಾಡಿದರೆ ಗುಣಮಟ್ಟ ಕೆಡುತ್ತದೆ ಎನ್ನುತ್ತಾರೆ. ನಾನು ತಂತ್ರಾಂಶ ಬದಲಿಸಬೇಕೆ? ಟೇಕ್‌ಗಳ ಆಯ್ಕೆ, ಎಡಿಟಿಂಗ್ ಎಲ್ಲಿ ಮಾಡುವುದು ಒಳ್ಳೆಯದು?

ಉತ್ತರ: ನಿಮ್ಮ ಧ್ವನಿಮುದ್ರಣ ಕೆಟ್ಟಿಲ್ಲ, ತಂತ್ರಾಂಶ ಬದಲಿಸುವ ಅಗತ್ಯವೂ ಇಲ್ಲ. 3 ನಿಮಿಷ 40 ಸೆಕೆಂಡು ಎಂದು ಗಡಿಯಾರ ನೋಡಿ ಬರೆದಿದ್ದೀರಲ್ಲ, ಅದರಿಂದಲೇ ಕಾಯಿಲೆ ಯಾವುದೆಂದು ತಿಳಿಯಿತು. "ಏನೋ ಬೇರೆ ಥರ ಕೇಳಿಸಿತು" ಎಂದಷ್ಟೇ ಬರೆದಿದ್ದರೆ ನಾನು ನಾಲ್ಕು ಸಲ ಮರುಪ್ರಶ್ನೆ ಕೇಳಬೇಕಾಗುತ್ತಿತ್ತು.

ಲೆಕ್ಕ ನೋಡಿ. ನಿಮ್ಮ ಮನೆಯ ಸೆಷನ್ (ತಂತ್ರಾಂಶದಲ್ಲಿ ಒಂದು ಹಾಡಿನ ಟ್ರ್ಯಾಕ್‌ಗಳೆಲ್ಲ ಇರುವ ಕಡತ) 44.1 ಕಿಲೋಹರ್ಟ್ಸ್ ಸ್ಯಾಂಪಲ್ ರೇಟ್‌ನಲ್ಲಿದೆ, ಅಂದರೆ ಒಂದು ಸೆಕೆಂಡಿನ ಧ್ವನಿ 44,100 ಅಂಕಿಗಳಾಗಿ ಕೂತಿದೆ. ಸ್ಟುಡಿಯೊದ ಸೆಷನ್ 48 ಕಿಲೋಹರ್ಟ್ಸ್. ಅದು ಸೆಕೆಂಡಿಗೆ 48,000 ಅಂಕಿಗಳನ್ನು ಓದುತ್ತದೆ. ನಿಮ್ಮ ಫೈಲನ್ನು ಪರಿವರ್ತಿಸದೆ ಹಾಗೆಯೇ ಇಟ್ಟರೆ 240 ಸೆಕೆಂಡಿನ ಹಾಡು 220.5 ಸೆಕೆಂಡಿಗೆ ಮುಗಿದುಹೋಗುತ್ತದೆ. ನೀವು ಕಂಡದ್ದು ಇದನ್ನೇ. ಹಾಡು ಓಡಿದಂತೆ ಶ್ರುತಿಯೂ ಏರುತ್ತದೆ, ಸುಮಾರು ಒಂದೂವರೆ ಸ್ವರಸ್ಥಾನದಷ್ಟು. ಪಂಚಮದಲ್ಲಿ ನಿಂತ ನಿಮ್ಮ ಧ್ವನಿ ಶುದ್ಧ ಧೈವತವೂ ಅಲ್ಲದ, ಚತುಶ್ರುತಿ ಧೈವತವೂ ಅಲ್ಲದ ಒಂದು ಎಡೆಯಲ್ಲಿ ಹೋಗಿ ನಿಂತಿರುತ್ತದೆ. ಜೊತೆಗಿದ್ದ ಪಿಟೀಲು, ತಂಬೂರಿ ಎಲ್ಲವೂ ಅಷ್ಟೇ ಏರಿದ್ದರಿಂದ ಅಪಸ್ವರ ಎನಿಸದೆ, ವಯಸ್ಸು ಮಾತ್ರ ಕಡಿಮೆಯಾದಂತೆ ಕೇಳಿಸಿದೆ.

ಈ ವ್ಯತ್ಯಾಸ ಮನೆಯಲ್ಲಿ ಗೊತ್ತಾಗದೆ ಇರುವುದಕ್ಕೆ ಎರಡು ತಂತ್ರಾಂಶಗಳ ಸ್ವಭಾವವೇ ಕಾರಣ. ರೀಪರ್ ಉದಾರಿ. ಯಾವ ಸ್ಯಾಂಪಲ್ ರೇಟ್‌ನ ಫೈಲನ್ನು ಎಳೆದು ಹಾಕಿದರೂ ನುಡಿಸುವ ಹೊತ್ತಿನಲ್ಲೇ ಪರಿವರ್ತಿಸಿಕೊಳ್ಳುತ್ತದೆ, ನಿಮಗೆ ಒಂದು ಮಾತೂ ಹೇಳುವುದಿಲ್ಲ. ಪ್ರೊ ಟೂಲ್ಸ್ ಶಿಸ್ತಿನದು. ಒಂದು ಸೆಷನ್‌ಗೆ ಒಂದೇ ಸ್ಯಾಂಪಲ್ ರೇಟ್. ಹೊಂದದ ಫೈಲ್ ಬಂದರೆ, ಇದನ್ನು ಹಾಗೆಯೇ ಸೇರಿಸಿದರೆ ವೇಗ ಮತ್ತು ಶ್ರುತಿ ತಪ್ಪುತ್ತದೆ ಎಂದು ಆಮದು ಕಿಟಕಿಯಲ್ಲೇ ಎಚ್ಚರಿಸುತ್ತದೆ. ಅಲ್ಲಿ 'ಆ್ಯಡ್' ಒತ್ತಿದರೆ ಹಾಗೆಯೇ ಸೇರುತ್ತದೆ, 'ಕನ್ವರ್ಟ್' ಒತ್ತಿದರೆ ಪರಿವರ್ತನೆಯಾಗಿ ಸೇರುತ್ತದೆ. ಸ್ಟುಡಿಯೊದಲ್ಲಿ ಆ ದಿನ ಯಾರೋ ಆತುರದಲ್ಲಿ ಮೊದಲನೆಯದನ್ನು ಒತ್ತಿದ್ದಾರೆ. ಇಷ್ಟೇ. ಪುನಃ ಆಮದು ಮಾಡಿಕೊಂಡರೆ ಐದು ನಿಮಿಷದ ಕೆಲಸ. ಅದನ್ನು ನಿಮ್ಮ ತಂತ್ರಾಂಶದ ಮೇಲೆ ಹೊರಿಸಿದ್ದು ನನಗೆ ಸರಿ ಕಾಣಲಿಲ್ಲ.

"ಅದರ ಧ್ವನಿಯೇ ಬೇರೆ" ಎಂಬ ಮಾತನ್ನು ಈ ವೃತ್ತಿಗೆ ಬಂದಾಗಿನಿಂದ ಕೇಳುತ್ತಿದ್ದೇನೆ. ಪರೀಕ್ಷೆ ಸುಲಭ. ಒಂದೇ ವೇವ್ ಫೈಲನ್ನು ಎರಡೂ ತಂತ್ರಾಂಶಗಳಲ್ಲಿ ಯಾವ ಪ್ಲಗಿನ್ನೂ (ಧ್ವನಿಯನ್ನು ಬದಲಿಸುವ ಉಪತಂತ್ರಾಂಶ) ಇಲ್ಲದೆ, ಮಟ್ಟ ಬದಲಿಸದೆ ಹೊರತೆಗೆಯಿರಿ. ಎರಡನ್ನೂ ಅಕ್ಕಪಕ್ಕ ಇಟ್ಟು, ಒಂದರ ಪೋಲಾರಿಟಿ ತಿರುಗಿಸಿ (ಅಲೆಯನ್ನು ತಲೆಕೆಳಗು ಮಾಡಿ), ಒಟ್ಟಿಗೆ ನುಡಿಸಿ. ಎರಡೂ ಒಂದೇ ಆಗಿದ್ದರೆ ಒಂದನ್ನೊಂದು ಕಳೆದುಕೊಂಡು ಮೌನ ಉಳಿಯುತ್ತದೆ. ಮೌನವೇ ಉಳಿಯುತ್ತದೆ, ನಾನು ಮಾಡಿ ನೋಡಿದ್ದೇನೆ. ಉಳಿಯದಿದ್ದರೆ ಸಾಮಾನ್ಯವಾಗಿ ಪ್ಯಾನ್ ಲಾ ಹೊಂದಿರುವುದಿಲ್ಲ. ನಡುವೆ ಇಟ್ಟ ಧ್ವನಿಯನ್ನು ಎಷ್ಟು ಡೆಸಿಬೆಲ್ ತಗ್ಗಿಸಬೇಕು ಎಂಬ ಆ ನಿಯಮ ತಂತ್ರಾಂಶದಿಂದ ತಂತ್ರಾಂಶಕ್ಕೆ ಬೇರೆ. ಮೂರು ಡೆಸಿಬೆಲ್ ಜೋರಾಗಿ ಕೇಳಿಸಿದ್ದನ್ನು ನಮ್ಮ ಕಿವಿ "ಒಳ್ಳೆಯ ಧ್ವನಿ" ಎಂದು ನಂಬಿಬಿಡುತ್ತದೆ. ಪ್ರೊ ಟೂಲ್ಸ್ ಮೇಲೆ ನನಗೆ ಗೌರವವಿದೆ, ಹೊಟ್ಟೆ ತುಂಬಿಸಿದ್ದೇ ಅದು. ಆದರೆ ಆ ಗೌರವ ಅದರ ಎಡಿಟಿಂಗ್‌ಗೆ. ಧ್ವನಿಯಲ್ಲಿ ಅದಕ್ಕೆ ಯಾವ ಕೋಡೂ ಇಲ್ಲ.

ಇನ್ನು ಎಎಎಫ್. ಅದೊಂದು ಡಬ್ಬಿ. ಒಳಗೆ ಇಟ್ಟ ಧ್ವನಿಯನ್ನು ಅದು ತಾನಾಗಿ ಕೆಡಿಸುವುದಿಲ್ಲ. ಹೊರತೆಗೆಯುವಾಗ ನೀವು 24 ಬಿಟ್ ಬದಲು 16 ಬಿಟ್ ಆರಿಸಿದರೆ ಆ ತಪ್ಪು ಡಬ್ಬಿಯದಲ್ಲ. ಗೆಳೆಯರ ಭಯಕ್ಕೆ ಆಧಾರವಿಲ್ಲ. ಆದರೆ ಇನ್ನೊಬ್ಬ ಗೆಳೆಯರ ಸಲಹೆಯೂ ನಿಮಗೆ ಒದಗುವುದಿಲ್ಲ, ಏಕೆಂದರೆ ರೀಪರ್‌ಗೆ ಎಎಎಫ್ ಬರೆಯಲು ತಾನಾಗಿ ಬರುವುದಿಲ್ಲ. ನಡುವೆ ಪರಿವರ್ತಕ ತಂತ್ರಾಂಶ ಬೇಕು. ಪ್ರೊ ಟೂಲ್ಸ್, ಲಾಜಿಕ್, ನುಯೆಂಡೊಗಳ ನಡುವೆ ಎಎಎಫ್ ಓಡಾಡುತ್ತದೆ. ಏಬಲ್ಟನ್ ಲೈವ್ ಕೂಡ ನಿಮ್ಮ ರೀಪರ್‌ನಂತೆ ಆ ಬಾಗಿಲು ತೆರೆಯುವುದಿಲ್ಲ.

ಎಎಎಫ್ ಆಗಲಿ, ಅದಕ್ಕಿಂತ ಹಳೆಯದಾದ, 2 ಜಿಬಿಯ ಮಿತಿಯುಳ್ಳ ಒಎಂಎಫ್ ಆಗಲಿ, ಸಿನಿಮಾ ಮತ್ತು ಟಿವಿ ಸಂಕಲನಕಾರರ ಲೋಕದಿಂದ ಬಂದವು. ಚಿತ್ರದ ಲೆಕ್ಕ ಫ್ರೇಮಿನಲ್ಲಿ. ಹಿಂದೊಮ್ಮೆ ಸಾಕ್ಷ್ಯಚಿತ್ರವೊಂದರ ಹಿನ್ನೆಲೆ ಸಂಗೀತ ಇನ್ನೊಂದು ಸ್ಟುಡಿಯೊದಿಂದ ಎಎಎಫ್ ಆಗಿ ನನ್ನ ಬಳಿ ಬಂತು. ಮೃದಂಗದ ತುಂಡುಗಳು ತಾಳದಲ್ಲಿ ಕುಂಟುತ್ತಿದ್ದವು. ವಾದಕರನ್ನು ಮನಸ್ಸಿನಲ್ಲೇ ಬೈದುಕೊಂಡೆ. ರಾತ್ರಿ ಹನ್ನೊಂದರ ಹೊತ್ತಿಗೆ ಹೊಳೆಯಿತು: ಕಳುಹಿಸಿದವರು ವಿಡಿಯೊ ತಂತ್ರಾಂಶಕ್ಕೆ ಹೊಂದಿಸುವ ಆಯ್ಕೆಯನ್ನು ಗುರುತಿಸಿದ್ದರು, ಪ್ರತಿ ಕತ್ತರಿಕೆಯೂ ಹತ್ತಿರದ ಫ್ರೇಮಿನ ಗೆರೆಗೆ ಸರಿದು ಕೂತಿತ್ತು. ಸೆಕೆಂಡಿಗೆ 25 ಫ್ರೇಮ್ ಎಂದರೆ ಒಂದು ಫ್ರೇಮ್ 40 ಮಿಲಿಸೆಕೆಂಡು. ತುಟಿಚಲನೆಗೆ ಅದರಿಂದ ಅಷ್ಟೇನೂ ತೊಂದರೆಯಿಲ್ಲ. ಆದರೆ ಎರಡನೇ ಕಾಲದ ಮೃದಂಗಕ್ಕೆ ಅದು ಮಾರಕ. ಬೈದದ್ದಕ್ಕೆ ವಾದಕರಿಗೆ ಮನಸ್ಸಿನಲ್ಲೇ ಕ್ಷಮೆಯನ್ನೂ ಕೇಳಿದೆ.

ಇಲ್ಲಿ ನೀವು ಅರ್ಥ ಮಾಡಿಕೊಳ್ಳಬೇಕಾದ ಸಂಗತಿ ಒಂದಿದೆ. ಬಾಡಿಗೆ ಮನೆ ಬದಲಿಸುವಾಗ ಪಾತ್ರೆಪಗಡ, ಮಂಚ, ಬೀರು ಎಲ್ಲವೂ ಲಾರಿ ಹತ್ತುತ್ತವೆ. ಗೋಡೆಗೆ ಹೊಡೆಸಿದ ಶೆಲ್ಫು, ನಲ್ಲಿಯ ಪೈಪು ಹಳೆಯ ಮನೆಯಲ್ಲೇ ಉಳಿಯುತ್ತವೆ. ಸೆಷನ್ ಕೂಡ ಹಾಗೆಯೇ. ಧ್ವನಿಯ ಫೈಲು ಎಲ್ಲಿಗಾದರೂ ಹೋಗುತ್ತದೆ. ಅದು ಎಷ್ಟನೇ ಸೆಕೆಂಡಿನಲ್ಲಿ ಕೂತಿದೆ ಎಂಬುದು ಎಎಎಫ್‌ನಲ್ಲಿ ಹೋಗುತ್ತದೆ. ಫೇಡ್, ಧ್ವನಿಮಟ್ಟದ ಏರಿಳಿತಗಳು ಸುಮಾರಾಗಿ ಹೋಗುತ್ತವೆ. ಈಕ್ವಲೈಸರ್, ರಿವರ್ಬ್, ಸೆಂಡ್‌ಗಳು (ಧ್ವನಿಯ ಒಂದು ಪಾಲನ್ನು ರಿವರ್ಬ್‌ನಂಥದಕ್ಕೆ ಕಳುಹಿಸುವ ದಾರಿಗಳು), ಮೆಲೊಡೈನ್‌ನಲ್ಲಿ ಮಾಡಿದ ಶ್ರುತಿ ತಿದ್ದುಪಡಿ, ಮುಖ್ಯವಾಗಿ ಬಳಸದೆ ಉಳಿದ ಟೇಕ್‌ಗಳು, ಇವು ಗೋಡೆಗೆ ಹೊಡೆದವು. ಬಿಟ್‌ವಿಗ್ ಮತ್ತು ಪ್ರಿಸೋನಸ್ ಕಂಪನಿಗಳು 2023ರಲ್ಲಿ ಡಾಪ್ರಾಜೆಕ್ಟ್ ಎಂಬ ಮುಕ್ತ ಮಾದರಿಯೊಂದನ್ನು ತಂದವು. ಅದರಲ್ಲಿ ಪ್ಲಗಿನ್ ಸ್ಥಿತಿ, ಮಿಡಿ, ಟೆಂಪೊ ಕೂಡ ಸಾಗುತ್ತವೆ. ಕ್ಯೂಬೇಸ್ 14 ಕೂಡ ಅದನ್ನು ಒಪ್ಪಿಕೊಂಡಿದೆ. ನಿಮ್ಮ ಸ್ಟುಡಿಯೊದ ಪ್ರೊ ಟೂಲ್ಸ್‌ಗೆ ಇದರಿಂದ ಪ್ರಯೋಜನವಿಲ್ಲದ ಕಾರಣ ಅದನ್ನು ಇಲ್ಲಿಗೇ ಬಿಡುತ್ತೇನೆ.

ಹಾಗಾಗಿ ನನ್ನ ಸಲಹೆ: ಟೇಕ್‌ಗಳ ಆಯ್ಕೆ ಮತ್ತು ಎಡಿಟಿಂಗ್, ಟೇಕ್‌ಗಳು ಇರುವ ಮನೆಯಲ್ಲೇ ಮುಗಿಯಲಿ. ನಿಮ್ಮ ಲೆಕ್ಕದಲ್ಲಿ ಅದು ರೀಪರ್. ಪ್ರೊ ಟೂಲ್ಸ್‌ನ ಪ್ಲೇಲಿಸ್ಟ್ ಪದ್ಧತಿಯಲ್ಲಿ ಟೇಕ್‌ಗಳನ್ನು ಒಂದರ ಕೆಳಗೊಂದು ಬಿಡಿಸಿಟ್ಟು, ಬೇಕಾದ ಸಾಲನ್ನು ಮೇಲಿನ ಟ್ರ್ಯಾಕಿಗೆ ಏರಿಸುತ್ತಾರೆ. ನನ್ನ ಕೈ ಪಳಗಿರುವುದು ಅದಕ್ಕೆ. ಲಾಜಿಕ್‌ನಲ್ಲಿ ಬೆರಳಾಡಿಸಿದಂತೆ ಮೌಸ್ ಎಳೆದರೆ ಆಯ್ಕೆಯಾಗುತ್ತದೆ. ಲೈವ್‌ಗೆ ಈ ಸೌಲಭ್ಯ ಬಂದದ್ದು 2021ರಲ್ಲಿ, 11ನೇ ಆವೃತ್ತಿಯಲ್ಲಿ. ರೀಪರ್ 2023ರ ಅಕ್ಟೋಬರಿನ 7ನೇ ಆವೃತ್ತಿಯಲ್ಲಿ ಟೇಕ್‌ಗಳನ್ನು ಸಾಲುಸಾಲಾಗಿ ಬಿಡಿಸಿಡುವ ಲೇನ್‌ಗಳನ್ನು ತಂದ ಮೇಲೆ ಈ ವಿಷಯದಲ್ಲಿ ಹಿಂದೆ ಉಳಿದಿಲ್ಲ. ನಿಮ್ಮದು ಹಳೆಯ ಆವೃತ್ತಿಯಾಗಿದ್ದರೆ ಈ ಕೆಲಸಕ್ಕಾಗಿಯಾದರೂ ಹೊಸದನ್ನು ಹಾಕಿಕೊಳ್ಳಿ.

ಎಲ್ಲಿ ಕತ್ತರಿಸಬೇಕು ಎಂಬುದು ತಂತ್ರಾಂಶಕ್ಕಿಂತ ದೊಡ್ಡ ಪ್ರಶ್ನೆ. ಪರದೆಯಲ್ಲಿ ಅಲೆ ಸಣ್ಣಗೆ ಕಂಡಲ್ಲೆಲ್ಲ ಕತ್ತರಿಸುವವರಿದ್ದಾರೆ. ಕನ್ನಡ ಹಾಡುವವರಿಗೆ ಭಾಷೆಯೇ ಕೊಟ್ಟಿರುವ ಜಾಗವಿದೆ: ಒತ್ತಕ್ಷರ. 'ಮುತ್ತು' ಎಂದು ನಿಧಾನವಾಗಿ ಹೇಳಿ ನೋಡಿ. ನಾಲಿಗೆ ಹಲ್ಲಿಗೆ ಒತ್ತಿ ನಿಂತ ಆ ಒಂದು ಕ್ಷಣ ಬಾಯಿಂದ ಧ್ವನಿಯೇ ಹೊರಡುವುದಿಲ್ಲ. 'ಅಕ್ಕ', 'ಹಪ್ಪಳ', 'ಬೆಟ್ಟ' ಎಲ್ಲದರಲ್ಲೂ ಹಾಗೆಯೇ. ಎರಡನೇ ಟೇಕಿನ ಮೊದಲರ್ಧವನ್ನೂ ಐದನೇ ಟೇಕಿನ ಉತ್ತರಾರ್ಧವನ್ನೂ ಆ ಮೌನದಲ್ಲಿ ಬೆಸೆದರೆ, ಐದು ಮಿಲಿಸೆಕೆಂಡಿನ ಕ್ರಾಸ್‌ಫೇಡ್ (ಒಂದು ತಗ್ಗುತ್ತಿದ್ದಂತೆ ಇನ್ನೊಂದು ಏರುವುದು) ಸಾಕು, ನಿಮ್ಮ ಗುರುಗಳಿಗೂ ಬೆಸುಗೆ ಗೊತ್ತಾಗುವುದಿಲ್ಲ. 'ನಮ್ಮ', 'ಎಲ್ಲ', 'ಬಣ್ಣ'ಗಳು ಮಾತ್ರ ಮೋಸ ಮಾಡುತ್ತವೆ. ಅವೂ ಒತ್ತಕ್ಷರಗಳೇ, ಆದರೆ ಅಲ್ಲಿ ಧ್ವನಿ ನಿಲ್ಲದೆ ಹರಿಯುತ್ತಿರುತ್ತದೆ. ದೀರ್ಘ ಸ್ವರದ ನಡುವೆ, ಅದರಲ್ಲೂ ಗಮಕ ಓಲಾಡುತ್ತಿರುವಲ್ಲಿ, ಕತ್ತರಿ ಇಡಲೇಬೇಡಿ. ಎರಡು ಟೇಕಿನ ಓಲಾಟ ಎಂದೂ ಒಂದೇ ಆಗಿರುವುದಿಲ್ಲ.

ಬೆಸೆದ ಜಾಗದಲ್ಲಿ ಹಿನ್ನೆಲೆ ಝಲ್ಲೆಂದು ಬದಲಾದರೆ, ಅದು ನಿಮ್ಮ ಹೆಡ್‌ಫೋನಿನಿಂದ ಸೋರಿ ಮೈಕಿಗೆ ಬಿದ್ದ ತಂಬೂರಿ ಅಥವಾ ಫ್ಯಾನಿನ ಸದ್ದು. ಉಸಿರನ್ನು ಮಾತ್ರ ದಯವಿಟ್ಟು ಪೂರ್ತಿ ಅಳಿಸಬೇಡಿ. ಉಸಿರಿಲ್ಲದ ಭಾವಗೀತೆಯನ್ನು ಕೇಳಿದರೆ ನನಗೇ ಉಸಿರುಗಟ್ಟುತ್ತದೆ.

ಈ ಕೆಲಸ ನಿಮ್ಮಿಂದಾಗದು, ಸ್ಟುಡಿಯೊದವರ ಕಿವಿಯ ಮೇಲೆ ನಂಬಿಕೆಯಿದೆ ಎನ್ನುವಿರಾದರೆ ಇನ್ನೊಂದು ದಾರಿ ಇದೆ. ಏಳೂ ಟೇಕ್‌ಗಳನ್ನು ಏಳು ಪೂರ್ಣ ಉದ್ದದ ಫೈಲ್‌ಗಳಾಗಿ ಕೊಡಬಹುದು. ತೂಕ ಹೆಚ್ಚಲ್ಲ: 48 ಕಿಲೋಹರ್ಟ್ಸ್, 24 ಬಿಟ್ ಮೊನೊ ಧ್ವನಿ ನಿಮಿಷಕ್ಕೆ 8.6 ಎಂಬಿ, ನಾಲ್ಕು ನಿಮಿಷದ ಏಳು ಟೇಕ್‌ಗಳಿಗೆ ಸುಮಾರು 240 ಎಂಬಿ. ಭಾರ ಬೀಳುವುದು ಗಂಟೆಯ ಲೆಕ್ಕದ ಬಾಡಿಗೆಯಲ್ಲಿ. ಎಂಟು ಹಾಡು, ಹಾಡಿಗೆ ಏಳು ಟೇಕ್, ಪ್ರತಿಯೊಂದನ್ನೂ ಕೇಳಲೇಬೇಕು. ಸ್ವಂತ ಖರ್ಚು ಎಂದು ಬರೆದಿದ್ದೀರಿ, ಆದ್ದರಿಂದ ಹೇಳಿದೆ. ಮೂರನೆಯ ದಾರಿ, ರೀಪರನ್ನೇ ಪೆನ್‌ಡ್ರೈವ್‌ನಲ್ಲಿ ಪೋರ್ಟಬಲ್ ಆಗಿ ಹಾಕಿಕೊಂಡು ಸ್ಟುಡಿಯೊಗೆ ಒಯ್ಯುವುದು. ತಾಂತ್ರಿಕವಾಗಿ ಸಲೀಸು. ಆದರೆ ಮಿಕ್ಸಿಂಗ್ ಮಾಡುವವರ ಕೈಗೆ ಪರಿಚಯವಿಲ್ಲದ ಉಪಕರಣ ಕೊಟ್ಟು ಒಳ್ಳೆಯ ಕೆಲಸ ನಿರೀಕ್ಷಿಸುವುದು, ಅಡುಗೆ ಭಟ್ಟರಿಗೆ ನಮ್ಮ ಮನೆಯ ಸೌಟಿನಲ್ಲೇ ಹುಳಿ ಮಾಡಿ ಎಂದಂತೆ. ನಾನು ಒಪ್ಪುವುದಿಲ್ಲ.

ಆಯ್ಕೆ ಮುಗಿದ ಮೇಲೆ ರೀಪರ್‌ನಿಂದ ಹೊರತೆಗೆಯುವ ಬಗೆ. ಮೊದಲು ಸೆಷನ್ನಿನ ನಕಲೊಂದನ್ನು ತೆಗೆದಿಡಿ. ರೆಂಡರ್ ಕಿಟಕಿಯಲ್ಲಿ ಮೂಲವಾಗಿ ಆಯ್ದ ಟ್ರ್ಯಾಕ್‌ಗಳ ಸ್ಟೆಮ್‌ಗಳನ್ನು (ಟ್ರ್ಯಾಕಿಗೊಂದು ಫೈಲ್), ವ್ಯಾಪ್ತಿಯಾಗಿ ಇಡೀ ಪ್ರಾಜೆಕ್ಟನ್ನು ಆರಿಸಿ. ಆಗ ಎರಡನೇ ಚರಣದಲ್ಲಿ ಒಂದೇ ಸಲ ಬರುವ ಕೊಳಲಿನ ಫೈಲು ಕೂಡ ಸೊನ್ನೆಯಿಂದಲೇ ಶುರುವಾಗುತ್ತದೆ, ಕೊಳಲು ಬರುವವರೆಗಿನ ಭಾಗ ಮೌನವಿರುತ್ತದೆ. ಸ್ಟುಡಿಯೊದಲ್ಲಿ ಎಲ್ಲ ಫೈಲ್‌ಗಳನ್ನೂ ಎಡತುದಿಗೆ ಜೋಡಿಸಿದರೆ ಸಾಕು, ಯಾವ ತಂತ್ರಾಂಶವಾದರೂ ಸರಿ, ಎಲ್ಲವೂ ತಂತಮ್ಮ ಜಾಗದಲ್ಲಿರುತ್ತವೆ. ಈ ಪದ್ಧತಿ ಹಳೆಯದು, ಸ್ವಲ್ಪ ಒರಟು, ಆದರೆ ನನ್ನ ಅನುಭವದಲ್ಲಿ ಕೈಕೊಟ್ಟಿದ್ದಿಲ್ಲ. 24 ಬಿಟ್ ಇರಲಿ. ಒಂದೇ ಮೈಕಿನ ಗಾಯನವನ್ನು ಮೊನೊ ಫೈಲಾಗಿಯೇ ತೆಗೆಯುವ ಗುರುತನ್ನು ಹಾಕಿ, ಇಲ್ಲದಿದ್ದರೆ ರೀಪರ್ ಅದನ್ನು ಸ್ಟೀರಿಯೊ ಮಾಡಿ ತೂಕ ಇಮ್ಮಡಿಸುತ್ತದೆ. ನಾರ್ಮಲೈಸ್ (ಮಟ್ಟವನ್ನು ತಾನಾಗಿ ಏರಿಸುವ ಆಯ್ಕೆ) ಬೇಡವೇ ಬೇಡ. ರಿವರ್ಬ್, ಕಂಪ್ರೆಸರ್ ತೆಗೆದುಹಾಕಿ. ನಿಮಗೆ ತುಂಬಾ ಇಷ್ಟವಾದ ರಿವರ್ಬ್ ಇದ್ದರೆ ಅದನ್ನು ಪ್ರತ್ಯೇಕ ಫೈಲಾಗಿ ಕೊಡಿ. ಶ್ರುತಿ ತಿದ್ದಿದ್ದರೆ ತಿದ್ದಿದ್ದೂ ಇರಲಿ, ತಿದ್ದದೆ ಬಿಟ್ಟ ಮೂಲವೂ ಇರಲಿ.

ಸ್ಯಾಂಪಲ್ ರೇಟ್ ಅನ್ನು ಸ್ಟುಡಿಯೊಗೆ ಫೋನ್ ಮಾಡಿ ಕೇಳಿ. ಅವರು 48 ಎಂದರೆ ರೆಂಡರ್ ಕಿಟಕಿಯಲ್ಲೇ 48,000 ಕೊಡಿ. 44.1ರಿಂದ 48ಕ್ಕೆ ಒಂದು ಸಲ ಸರಿಯಾಗಿ ಪರಿವರ್ತಿಸಿದರೆ ಕಿವಿಗೆ ಗೊತ್ತಾಗುವ ನಷ್ಟವಿಲ್ಲ. ಮುಂದಿನ ಹಾಡುಗಳನ್ನು ಮೊದಲಿಂದಲೇ 48ರಲ್ಲಿ ಮುದ್ರಿಸಿದರೆ ಈ ಮಾತೇ ಬರುವುದಿಲ್ಲ. ಫೈಲ್‌ಗಳನ್ನು ವಾಟ್ಸ್ಆ್ಯಪ್‌ನಲ್ಲಿ ಆಡಿಯೊ ಆಗಿ ಕಳುಹಿಸಬೇಡಿ. ಕಳುಹಿಸಲೇಬೇಕಾದರೆ ಜಿಪ್ ಮಾಡಿ ಡಾಕ್ಯುಮೆಂಟ್ ಆಗಿ ಕಳುಹಿಸಿ.

ಒಂದು ಬಲೆಯ ಬಗ್ಗೆ ಎಚ್ಚರ. ರೀಪರ್‌ನಲ್ಲಿ ಮುದ್ರಿಸಿದ ಮೇಲೆ ಪ್ರಾಜೆಕ್ಟಿನ ಟೆಂಪೊ ಬದಲಿಸಿದರೆ ನಿಮ್ಮ ಧ್ವನಿಯೂ ಹಿಗ್ಗುತ್ತದೆ, ಕುಗ್ಗುತ್ತದೆ. ಮೊದಲಿಂದ ಇರುವ ಸೆಟ್ಟಿಂಗ್‌ನಲ್ಲಿ ಅದು ಫೈಲನ್ನು ಬಡಿತಕ್ಕೆ ಕಟ್ಟಿಹಾಕಿರುತ್ತದೆ. ಪ್ರಾಜೆಕ್ಟ್ ಸೆಟ್ಟಿಂಗ್‌ನಲ್ಲಿ ಟೈಮ್‌ಬೇಸ್ ಅನ್ನು 'ಟೈಮ್' ಎಂದು ಮಾಡಿಡಿ. ಪ್ರೊ ಟೂಲ್ಸ್‌ನಲ್ಲಿ ಆಡಿಯೊ ಟ್ರ್ಯಾಕ್ ಸ್ವಭಾವತಃ ಕಾಲಕ್ಕೇ ಕಟ್ಟಿಕೊಂಡಿರುತ್ತದೆ. ಲೈವ್ ಬಳಸುವ ಗೆಳೆಯರಿಗೆ ಫೈಲ್ ಕೊಡುವಾಗಲೂ ಹೇಳಿ: ಉದ್ದನೆಯ ಫೈಲ್‌ಗಳನ್ನು ಅದು ತಾನೇ ವಾರ್ಪ್ ಮಾಡಬಹುದು, ಅಂದರೆ ಬಡಿತಕ್ಕೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸಬಹುದು; ಆ ಆಯ್ಕೆಯನ್ನು ಆಫ್ ಮಾಡಿಡಬೇಕು. ಕ್ಲಿಕ್ (ಲಯ ತೋರಿಸುವ ಟಕ್ ಟಕ್ ಸದ್ದು) ಇಲ್ಲದೆ ಹಾಡಿದ ಆಲಾಪನೆಯನ್ನು ವಾರ್ಪ್ ಮಾಡಿದ್ದನ್ನು ಒಮ್ಮೆ ಕೇಳಿದ್ದೇನೆ; ಕುಡಿದವರ ನಡಿಗೆ.

ಈಗ ಪಿಟೀಲು. ಹಾಡಿನ ಉದ್ದಕ್ಕೂ ಒಂದೇ ಅಳತೆಯಲ್ಲಿ ಹಿಂದೆ ಇದೆಯೋ, ಹೋಗುತ್ತ ಹೋಗುತ್ತ ಹೆಚ್ಚುತ್ತದೆಯೋ, ಮೊದಲ ಸಾಲು ಮತ್ತು ಕೊನೆಯ ಸಾಲು ಎರಡನ್ನೂ ಕೇಳಿ ನೋಡಿ. ಹೆಚ್ಚುತ್ತಿದ್ದರೆ ಅವರು ಬೇರೆ ಯಂತ್ರದಲ್ಲಿ ಹಾಡು ಕೇಳುತ್ತ ಬೇರೆ ಯಂತ್ರದಲ್ಲಿ ಮುದ್ರಿಸಿದ್ದಾರೆ. ಎರಡರ ಗಡಿಯಾರಗಳು ಒಂದೇ ವೇಗದಲ್ಲಿ ಓಡುವುದಿಲ್ಲ. ಆದರೆ ನೀವು ಬರೆದಿರುವುದನ್ನು ನೋಡಿದರೆ ಒಂದೇ ಅಳತೆ ಎನಿಸುತ್ತದೆ, ತಪ್ಪಿತಸ್ಥ ನೀವು ಕಳುಹಿಸಿದ ಎಂಪಿ3. ಎಂಪಿ3 ಮಾಡುವಾಗ ಹಾಡಿನ ಶುರುವಿಗೆ ಮೊದಲು ಒಂದಿಷ್ಟು ಮೌನ ಸೇರಿಕೊಳ್ಳುತ್ತದೆ. ಎಲ್ಲೆಡೆ ಬಳಕೆಯಲ್ಲಿರುವ ಲೇಮ್ ಎನ್‌ಕೋಡರಿನಲ್ಲಿ ಮಾಡಿದ ಫೈಲು ಬಿಚ್ಚಿಕೊಳ್ಳುವ ಹೊತ್ತಿಗೆ ಸುಮಾರು 1,105 ಸ್ಯಾಂಪಲ್, ಅಂದರೆ 25 ಮಿಲಿಸೆಕೆಂಡು. ಕೆಲವು ತಂತ್ರಾಂಶಗಳು ಅದನ್ನು ಕತ್ತರಿಸಿ ಓದುತ್ತವೆ, ಕೆಲವು ಹಾಗೆಯೇ ಓದುತ್ತವೆ. ಅವರು ಆ ತಡವಾದ ಹಾಡಿಗೆ ಸರಿಯಾಗಿಯೇ ನುಡಿಸಿದ್ದಾರೆ, ಅಲ್ಲಿಂದ ಹೊರಬಂದ ಪಿಟೀಲು ನಿಮ್ಮ ಮೂಲದ ಪಕ್ಕ ಕೂತಾಗ ಅಷ್ಟೇ ತಡವಾಗಿದೆ. ಅವರ ಆಡಿಯೊ ಇಂಟರ್‌ಫೇಸಿನ ವಿಳಂಬವೂ ಇದಕ್ಕೆ ಕೂಡಿಕೊಂಡಿರಬಹುದು. ಪುನಃ ನುಡಿಸುವುದು ಬೇಡ. ರೀಪರ್‌ನಲ್ಲೇ ಪಿಟೀಲಿನ ಫೈಲನ್ನು 25 ಮಿಲಿಸೆಕೆಂಡು ಎಡಕ್ಕೆ ಸರಿಸಿ, ಕಣ್ಣು ಮುಚ್ಚಿ ಕೇಳಿ, ಬೇಕಿದ್ದರೆ ಐದೈದು ಮಿಲಿಸೆಕೆಂಡಿನಂತೆ ಹೊಂದಿಸಿ.

ಉಳಿದ ಹಾಡುಗಳಿಗೆ ಎಂಪಿ3 ಬದಲು ವೇವ್ ಕಳುಹಿಸಿ. ಹಾಡು ಶುರುವಾಗುವ ಎರಡು ಸೆಕೆಂಡು ಮೊದಲು ಒಂದು ಚಪ್ಪಾಳೆಯನ್ನೂ ಮುದ್ರಿಸಿ. ಆ ಚಪ್ಪಾಳೆಯನ್ನು ಅಳಿಸದೆ ಪಿಟೀಲಿನ ಜೊತೆಗೆ ಇನ್ನೊಂದು ಫೈಲಾಗಿ ವಾಪಸು ಕಳುಹಿಸಲು ಅವರಿಗೆ ಹೇಳಿ. ಎರಡು ಚಪ್ಪಾಳೆಗಳ ಮೊನೆಗಳನ್ನು ಪರದೆಯ ಮೇಲೆ ಒಂದರ ಕೆಳಗೊಂದು ತಂದರೆ ಫೈಲಿನ ತಡ ಸರಿಹೋಗುತ್ತದೆ. ಇಂಟರ್‌ಫೇಸಿನ ವಿಳಂಬ ಉಳಿದಿದ್ದರೆ ಅದನ್ನು ಮಾತ್ರ ಕಿವಿಯಿಂದ ಹೊಂದಿಸಬೇಕು. ಸಿನಿಮಾದವರ ಕ್ಲಾಪ್ ಬೋರ್ಡಿನ ಕೆಲಸವೂ ಇದೇ.

ಪ್ರೊ ಟೂಲ್ಸ್ ನಿಜವಾಗಿ ಗೆಲ್ಲುವ ಜಾಗವೊಂದಿದೆ, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಅದರ 'ಇಂಪೋರ್ಟ್ ಸೆಷನ್ ಡೇಟಾ' ಒಂದು ಪ್ರೊ ಟೂಲ್ಸ್ ಸೆಷನ್ನಿನಿಂದ ಇನ್ನೊಂದಕ್ಕೆ ಬೇಕಾದ್ದನ್ನಷ್ಟೇ ಎತ್ತಿ ತರುತ್ತದೆ. ಮೊದಲ ಹಾಡಿನ ಮಿಕ್ಸ್ ನಿಮಗೆ ಒಪ್ಪಿಗೆಯಾಯಿತು ಎನ್ನಿ. ಎರಡನೇ ಹಾಡಿನ ಸೆಷನ್ ತೆರೆದು, ಮೊದಲನೆಯದರ ಗಾಯನ ಟ್ರ್ಯಾಕನ್ನು ಇದರ ಗಾಯನ ಟ್ರ್ಯಾಕಿಗೆ ಹೊಂದಿಸಿ, ಪ್ಲಗಿನ್ ಮತ್ತು ಸೆಂಡ್‌ಗಳಿಗೆ ಗುರುತು ಹಾಕಿ, ಧ್ವನಿಯ ತುಂಡುಗಳಿಗೆ ಗುರುತು ತೆಗೆದರೆ, ಇಡೀ ಸಜ್ಜಿಕೆ ಬಂದು ಕೂರುತ್ತದೆ. ನಿಮ್ಮ ಹಾಡು ಅಲುಗುವುದಿಲ್ಲ. ಲಾಜಿಕ್, ಕ್ಯೂಬೇಸ್‌ಗಳಲ್ಲೂ ಬೇರೆ ಪ್ರಾಜೆಕ್ಟಿನಿಂದ ಟ್ರ್ಯಾಕ್ ತರುವ ವ್ಯವಸ್ಥೆಯಿದೆ. ರೀಪರ್‌ನಲ್ಲಿ ಎರಡು ಪ್ರಾಜೆಕ್ಟುಗಳನ್ನು ಅಕ್ಕಪಕ್ಕದ ಟ್ಯಾಬ್‌ನಲ್ಲಿ ತೆರೆದು ನಕಲು ಮಾಡಿ ಅಂಟಿಸುತ್ತಾರೆ. ಎಂಟು ಹಾಡಿನ ಆಲ್ಬಮ್ಮಿಗೆ ಪ್ರೊ ಟೂಲ್ಸ್‌ನ ಈ ಸೌಲಭ್ಯ ಒಂದಿಡೀ ದಿನ ಉಳಿಸುತ್ತದೆ, ಆದರೆ ಒಂದು ಷರತ್ತು: ಎಂಟೂ ಹಾಡುಗಳಲ್ಲಿ ಟ್ರ್ಯಾಕ್‌ಗಳ ಹೆಸರು, ಕ್ರಮ ಒಂದೇ ಆಗಿರಬೇಕು. '01 ಗಾಯನ', '02 ಪಿಟೀಲು', '03 ತಬಲ' ಎಂಬಂತೆ. ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಿರಿ. ಕನ್ನಡದಲ್ಲಿ ಬರೆದದ್ದು ಇನ್ನೊಂದು ಯಂತ್ರದಲ್ಲಿ ಚೌಕಗಳಾಗಿ ಕಾಣಿಸಿಕೊಂಡದ್ದನ್ನು ನೋಡಿದ್ದೇನೆ. ಬೇಸರದ ಮಾತು, ಆದರೂ ಸತ್ಯ. 'ಆಡಿಯೊ 1 ಫೈನಲ್ ಹೊಸದು' ಎಂಬ ಹೆಸರು ಮಾತ್ರ ಯಾವ ಲಿಪಿಯಲ್ಲೂ ಬೇಡ.

ಎಂಟನ್ನೂ ಒಟ್ಟಿಗೆ ಒಯ್ಯಬೇಡಿ. ಮೊದಲ ಹಾಡನ್ನು ಈ ರೀತಿ ತೆಗೆದು, ಹೊಸ ಖಾಲಿ ರೀಪರ್ ಪ್ರಾಜೆಕ್ಟಿನಲ್ಲಿ ನೀವೇ ಆ ಫೈಲ್‌ಗಳನ್ನು ಎಡತುದಿಗೆ ಜೋಡಿಸಿ ಕೊನೆಯವರೆಗೂ ಕೇಳಿ. ಆಮೇಲೆ ಫೋಲ್ಡರಿನಲ್ಲಿ ಒಂದು ಪುಟ್ಟ ಟೆಕ್ಸ್ಟ್ ಫೈಲ್ ಇಡಿ: ಸ್ಯಾಂಪಲ್ ರೇಟ್, ಬಿಟ್, ಶ್ರುತಿ, ತಾಳ, ಹಾಡಿನ ಉದ್ದ ಎಷ್ಟು ನಿಮಿಷ ಎಷ್ಟು ಸೆಕೆಂಡು. ಜೊತೆಗೆ ನಿಮ್ಮ ಮನೆಯ ಕಚ್ಚಾ ಮಿಕ್ಸ್‌ನ ಒಂದು ಫೈಲ್. ಸ್ಟುಡಿಯೊದಲ್ಲಿ ಟ್ರ್ಯಾಕ್‌ಗಳು ಸೆಷನ್ನಿಗೆ ಬಂದ ಕೂಡಲೇ, ಕಾಫಿ ಬರುವ ಮೊದಲೇ, ಕೊನೆಯ ಸಾಲಿಗೆ ಹೋಗಿ ಗಡಿಯಾರ ನೋಡಿ. 4 ನಿಮಿಷ ಇದ್ದರೆ ಕೂತು ಕೆಲಸ ಶುರುಮಾಡಿ. 3 ನಿಮಿಷ 40 ಸೆಕೆಂಡು ಇದ್ದರೆ ಏನು ಒತ್ತಬೇಕೆಂದು ಈಗ ಅವರಿಗೆ ನೀವೇ ಹೇಳಬಲ್ಲಿರಿ.